ತಿರುಗದ ಬಿಂದು

ವಸಂತ ಅಂದಕೂಡಲೇ ನಾವು ಬರುವವರ ದಾರಿ ಕಾಯುತ್ತೇವೆ. ಹೊಂಗೆ ಚಿಗುರುತ್ತದೆ, ಮಾವಿನ ಮರದಲ್ಲಿ ಕೋಗಿಲೆ ಗಂಟಲು ತೆರೆಯುತ್ತದೆ, ಹೊಸ ಸಂವತ್ಸರ ಬಾಗಿಲಿಗೆ ಬರುತ್ತದೆ. ಅದೇ ಹೊತ್ತಿಗೆ ಲಾಲ್‌ಬಾಗಿನ ಮರಗಳ ನೆತ್ತಿಯಲ್ಲಿ ಪುಟ್ಟ ಜೀವವೊಂದು ಹೊರಡುವ ಸಿದ್ಧತೆಯಲ್ಲಿರುತ್ತದೆ. ಅದು ಹಸಿರು ಎಲೆ ಉಲಿಯಕ್ಕಿ. ತೂಕ 8 ಗ್ರಾಂ ಆಸುಪಾಸು. ಎಲೆಯ ಬಣ್ಣವೇ ಮೈಬಣ್ಣವಾದ್ದರಿಂದ ಬೆಳಗಿನ ನಡಿಗೆಯಲ್ಲಿ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ: ‘ಚಿಸ್ವೀ, ಚಿಸ್ವೀ.’ ಚಳಿಗಾಲವೆಲ್ಲ ಈ ತುಂಡು ಕೂಗಿನಲ್ಲೇ ಕಳೆದದ್ದು, ಹೊರಡುವ ಕಾಲ ಹತ್ತಿರವಾದಂತೆ ಹಾಡು ಕಟ್ಟತೊಡಗುತ್ತದೆ. ದಾರಿಗೆ ಬೇಕಾದ ಕೊಬ್ಬಿಗಾಗಿ ದಿನವಿಡೀ ಹುಳ ಹೆಕ್ಕುತ್ತದೆ.

ಇದನ್ನು ನಾವು ಅತಿಥಿ ಎನ್ನುತ್ತೇವೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ, ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ, ಅದರ ಬದುಕು ದಕ್ಷಿಣದಲ್ಲೇ. ಒಂದೊಂದಕ್ಕೂ ತನ್ನದೇ ಮರಗಳ ಎಲ್ಲೆ. ಇನ್ನೊಂದು ಒಳಗೆ ಬಂದರೆ ಅಟ್ಟಿಬಿಡುತ್ತದೆ. ಅತಿಥಿ ಹೀಗೆ ಹಕ್ಕು ಸಾಧಿಸುವುದುಂಟೆ? ಹಿಮಾಲಯದಲ್ಲೋ ಮಧ್ಯ ಏಷ್ಯಾದ ಬೆಟ್ಟಗಳಲ್ಲೋ ಸೈಬೀರಿಯಾದ ಕಾಡಿನಲ್ಲೋ ಗೂಡು ಕಟ್ಟಿ ಮರಿ ಮಾಡುವುದು ಕೆಲವೇ ತಿಂಗಳು. ಹುಟ್ಟಿದ್ದು ಅಲ್ಲಿ, ಹೆಚ್ಚು ಬಾಳಿದ್ದು ಇಲ್ಲಿ. ಎರಡರಲ್ಲಿ ನಿನ್ನ ಊರು ಯಾವುದು ಎಂದು ಕೇಳುವ ಗೊಡವೆ ನಮ್ಮದು, ಹಕ್ಕಿಗೆ ಅದಿಲ್ಲ.

ಹಾಗಾದರೆ ಇಂಥ ಬಾಳಿಗೆ ಆಧಾರ ಯಾವುದು? ಪುಟ್ಟ ಹಾಡುಹಕ್ಕಿಗಳು ಬಹುಪಾಲು ರಾತ್ರಿ ಹಾರುತ್ತವೆ. ಮರಿಗಳು ತಮ್ಮ ಮೊದಲ ಪಯಣವನ್ನೂ ತಾಯಿತಂದೆಯ ಬೆನ್ನು ಹಿಡಿಯದೆ ಮಾಡುತ್ತವೆ. ಅಮೆರಿಕದ ವಿಜ್ಞಾನಿ ಸ್ಟೀಫನ್ ಎಮ್ಲೆನ್ ಅಲ್ಲಿನ ಇಂಡಿಗೊ ಬಂಟಿಂಗ್ ಮರಿಗಳನ್ನು ಕೈಯಾರೆ ಸಾಕಿ, ತಾರಾಲಯದ ಕೃತಕ ಆಕಾಶದಡಿ ಬೆಳೆಸಿದರು. ಆ ಆಕಾಶವನ್ನು ಧ್ರುವತಾರೆಯ ಬದಲು ಆರ್ದ್ರಾ ನಕ್ಷತ್ರದ ಸುತ್ತ ತಿರುಗಿಸಿದಾಗ, ಮರಿಗಳು ಆರ್ದ್ರೆಯಿದ್ದ ದಿಕ್ಕನ್ನೇ ಉತ್ತರವೆಂದು ನಂಬಿದವು. 1970ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಓದಿದಾಗಲೆಲ್ಲ ಮೈ ನವಿರೇಳುತ್ತದೆ. ಯಾವ ತಾರೆ ಎಲ್ಲಿದೆ ಎಂಬ ನಕಾಶೆಯನ್ನು ಯಾರೂ ಆ ಮರಿಯ ತಲೆಯಲ್ಲಿ ಬರೆದಿಟ್ಟಿಲ್ಲ. ಸುತ್ತುವ ಆಕಾಶದಲ್ಲಿ ಸುತ್ತದೇ ನಿಂತದ್ದು ಯಾವುದೆಂದು ಹುಡುಕುವ ಗುಣವಷ್ಟೇ ಹುಟ್ಟಿನಿಂದ ಬಂದದ್ದು. ಹುಡುಕಾಟವೂ ಮೊದಲ ಪಯಣಕ್ಕೆ ಮುಂಚೆಯೇ ಮುಗಿಯಬೇಕು.

ಒಂದೇ ಮಣ್ಣಿಗೆ ಅಂಟಿಕೊಂಡವರಿಗಷ್ಟೇ ನೆಲೆಯಿದೆ ಎನ್ನುವುದು ಎಷ್ಟು ಸಣ್ಣ ಮಾತು! ಅಲೆಯುವ ಜೀವಕ್ಕೂ ನೆಲೆಯಿದೆ, ಅದು ಹೋದಲ್ಲೆಲ್ಲ ತಲೆಯ ಮೇಲಿರುತ್ತದೆ. ಬೇರೆ ಊರಿಗೆ ಹೋಗಿ ಬದುಕು ಕಟ್ಟಿಕೊಂಡ ಮನುಷ್ಯರನ್ನೂ ಹೀಗೆಯೇ ನೋಡಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಆದರೆ ಆ ಆಕಾಶವನ್ನೇ ನಾವು ಮಸುಕು ಮಾಡುತ್ತಿದ್ದೇವೆ. ನಗರದ ಬೆಳಕು ರಾತ್ರಿ ಹಾರುವ ಹಕ್ಕಿಗಳನ್ನು ದಾರಿ ತಪ್ಪಿಸಿ ಕಟ್ಟಡಗಳತ್ತ ಸೆಳೆಯುತ್ತದೆ, ಎಷ್ಟೋ ಹಕ್ಕಿಗಳು ಗಾಜಿಗೆ ಬಡಿದು ಸಾಯುತ್ತವೆ. ಏಪ್ರಿಲ್ ತಿಂಗಳಲ್ಲಾದರೂ ಮಲಗುವ ಮುನ್ನ ತಾರಸಿಯ ದೀಪ ಆರಿಸಿ. ನಿಮ್ಮ ಕಚೇರಿಯ ಖಾಲಿ ಮಹಡಿಗಳ ದೀಪಗಳನ್ನೂ ಆರಿಸಲು ಹೇಳಿ.