ಊರಬಾಗಿಲಲ್ಲಿ ಪರದೇಶಿಯ ವ್ಯಾಜ್ಯ

ಮೂಲವಾಕ್ಯ: ರೂತಳು 4ನೆಯ ಅಧ್ಯಾಯ, 1ರಿಂದ 11ರ ವರೆಗೆ



ಹಕ್ಕಲಾಯುವದು ಎಂದರೇನೆಂದು ಸಿಂಧನೂರು ಸೀಮೆಯವರಿಗೆ ಯಾರೂ ಬಿಡಿಸಿ ಹೇಳಬೇಕಾದದ್ದಿಲ್ಲ. ಕಾಲುವೆಯ ಗದ್ದೆಗಳಲ್ಲಿ ನೆಲ್ಲು ಕೊಯ್ದಾದ ಮೇಲೆ ಉಳಿದ ತೆನೆಗಳನ್ನು ಆಯ್ದು ಸೆರಗಿನಲ್ಲಿ ಕಟ್ಟಿಕೊಂಡು ಬಂದ ತಾಯಂದಿರು ನಮ್ಮ ಸಭೆಗಳಲ್ಲಿದ್ದಾರೆ. ಆದಕಾರಣ ರೂತಳ ಚರಿತ್ರೆಯನ್ನು ಓದುವಾಗ ನಾವು ಎರಡನೆಯ ಅಧ್ಯಾಯದಲ್ಲಿಯೇ ಬಹಳ ಹೊತ್ತು ನಿಲ್ಲುತ್ತೇವೆ. ಬೋವಜನು ದಯಾಳುವಾಗಿದ್ದನು, ಮೋವಾಬ್ ದೇಶದಿಂದ ಬಂದ ವಿಧವೆಗೋಸ್ಕರ ಬೇಕೆಂದೇ ತೆನೆಗಳನ್ನು ಬಿಡಿಸಿದನು, ಕೂಲಿಯವರು ಅವಳನ್ನು ಗದರಿಸಬಾರದೆಂದು ಅಪ್ಪಣೆ ಕೊಟ್ಟನು. ಇಷ್ಟನ್ನು ಹೇಳಿ ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ಮುಗಿಯುತ್ತವೆ, ಕಾಣಿಕೆಯ ತಟ್ಟೆಯೂ ಹೊರಡುತ್ತದೆ.

ಆದರೆ ಸೆರಗಿನ ಕಾಳು ತೀರಿದ ಮೇಲೆ ರೂತಳ ಗತಿಯೇನು? ಅವಳು ಆ ಊರಿನಲ್ಲಿ ಯಾರಾಗಿ ಇರಬೇಕು? ಅವಳ ಅತ್ತೆಯ ಹೊಲವು ಯಾರದು? ಈ ಪ್ರಶ್ನೆಗಳನ್ನು ಎಷ್ಟು ಅಳತೆ ಜವೆಗೋದಿಯೂ ತೀರಿಸಲಾರದು. ಬೋವಜನು ಇದನ್ನು ತಿಳಿದವನಾಗಿ ಬೆಳಿಗ್ಗೆ ಎದ್ದು ಊರಬಾಗಿಲಿಗೆ ಹೋಗಿ ಕೂತನು. ಆ ಕಾಲದಲ್ಲಿ ಊರಬಾಗಿಲೇ ನ್ಯಾಯಸ್ಥಾನವಾಗಿತ್ತು; ನಮ್ಮ ಹಿರಿಯರಿಗೆ ಚಾವಡಿ ಹೇಗೋ, ನಮಗೆ ತಾಲೂಕು ಕಚೇರಿಯೂ ಕೋರ್ಟೂ ಹೇಗೋ, ಹಾಗೆ. ಅವನು ಹತ್ತು ಮಂದಿ ಹಿರಿಯರನ್ನು ಕರೆದು ಕೂಡ್ರಿಸಿ, ಎಲ್ಲರೂ ಕೇಳುವಂತೆ ವ್ಯಾಜ್ಯವನ್ನು ಎತ್ತಿ, ಸಾಕ್ಷಿಗಳ ಮುಂದೆ ತೀರಿಸಿಕೊಂಡನು.

ಮೋವಾಬ್ಯರು ಸಭೆಯಲ್ಲಿ ಸೇರಕೂಡದೆಂಬ ವಿಧಿಯು ಧರ್ಮೋಪದೇಶಕಾಂಡದಲ್ಲಿದೆಯೆಂಬದನ್ನು ಮರೆಯಬೇಡಿರಿ. ಕಾನೂನು ಅವಳಿಗೆ ವಿರೋಧವಾಗಿದೆ, ನಾನೇನು ಮಾಡಲಿ ಎಂದು ಅವನು ಹೇಳಬಹುದಾಗಿತ್ತು. ಅವನಾದರೋ ಅದೇ ಧರ್ಮಶಾಸ್ತ್ರದೊಳಗೆ ವಿಧವೆಗೂ ಹೊಲಕ್ಕೂ ಸಂಬಂಧಪಟ್ಟ ಬೇರೆ ವಿಧಿಯನ್ನು ಹುಡುಕಿ ಹಿಡಿದನು. ಒಳ್ಳೇ ವಕೀಲನ ಕೆಲಸವು ಇದೇ.

ಈಗ ನಮ್ಮ ಸೀಮೆಗೆ ಬರೋಣ. ತುಂಗಭದ್ರೆಯ ನೀರು ಬಂದಂದಿನಿಂದ ಸಿಂಧನೂರು ಕ್ಯಾಂಪುಗಳ ನಾಡಾಯಿತು. ಆಂಧ್ರದ ರೈತರು ಬಂದರು. ಅವರ ಹಿಂದೆ, ಆಗ ಪೂರ್ವ ಪಾಕಿಸ್ತಾನವೆನಿಸಿದ್ದ ದೇಶವನ್ನು ಬಿಟ್ಟುಬಂದ ಬಂಗಾಳಿಗಳನ್ನೂ ಬರ್ಮಾದಿಂದ ಹಿಂದಿರುಗಿದವರನ್ನೂ ಸರಕಾರವು ಇಲ್ಲಿಯ ಪುನರ್ವಸತಿ ಕ್ಯಾಂಪುಗಳಲ್ಲಿ ಇರಿಸಿತು. ಆ ಮಕ್ಕಳು ಕನ್ನಡ ಕಲಿತರು, ನಮ್ಮ ಸಂತೆಯಲ್ಲಿ ಕೊಂಡರು, ಮಾರಿದರು. ಆದರೂ ತರುವಾಯ ಬಂದ ಕೆಲವರಿಗೆ ದಶಕಗಳು ಕಳೆದರೂ ಪೌರತ್ವದ ಕಾಗದ ಸಿಕ್ಕಲಿಲ್ಲ. 2019ರ ಪೌರತ್ವ ತಿದ್ದುಪಡಿ ಕಾಯಿದೆಯ ನಿಯಮಗಳು 2024ರ ಮಾರ್ಚಿನಲ್ಲಿ ಹೊರಟ ಮೇಲೆ, ಅದೇ ವರುಷದ ಆಗಸ್ಟಿನಲ್ಲಿ ಸಿಂಧನೂರಿನ ಕ್ಯಾಂಪುಗಳ ಐವರಿಗೆ ಪೌರತ್ವವು ದೊರೆಯಿತು. ಅವರೊಡನೆ ಸಂತೋಷಪಡೋಣ.

ಇಲ್ಲಿ ಒಂದು ಮಾತನ್ನು ಮರೆಮಾಡದೆ ಹೇಳಬೇಕು. ಬಾಂಗ್ಲಾದೇಶ, ಪಾಕಿಸ್ತಾನ, ಅಫಘಾನಿಸ್ತಾನಗಳಿಂದ 2014ರ ದಶಂಬರ 31ರೊಳಗೆ ಬಂದವರಲ್ಲಿ ಯಾರಾರು ಈ ಕಾಯಿದೆಗೆ ಒಳಪಡುವರೆಂದು ಹೇಳುವ ಪಟ್ಟಿಯಲ್ಲಿ ಹಿಂದು, ಸಿಖ್, ಬೌದ್ಧ, ಜೈನ, ಪಾರ್ಸಿಗಳ ಸಂಗಡ ಕ್ರೈಸ್ತರ ಹೆಸರೂ ಇದೆ. ಮುಸಲ್ಮಾನರ ಹೆಸರಿಲ್ಲ. ನಮ್ಮ ಹೆಸರಿದೆಯೆಂದು ನಾವು ಸುಮ್ಮನಿರಬಹುದೋ? 1950ರ ರಾಷ್ಟ್ರಪತಿಯ ಆಜ್ಞೆಯ ಒಂದು ವಾಕ್ಯದ ದೆಸೆಯಿಂದ, ಕ್ರಿಸ್ತನನ್ನು ಅರಿಕೆಮಾಡಿದ ದಲಿತನು ಪರಿಶಿಷ್ಟ ಜಾತಿಯವರ ಪಟ್ಟಿಯ ಹೊರಗೆ ನಿಂತಿದ್ದಾನೆ. ಪಟ್ಟಿಯ ಹೊರಗೆ ನಿಲ್ಲುವದು ಎಂಥದೆಂದು ನಮ್ಮಷ್ಟು ಬಲ್ಲವರು ಯಾರು! ದೇಶದವನಿಗೂ ಪರದೇಶಿಗೂ ಒಂದೇ ನ್ಯಾಯವಿರಬೇಕೆಂದು ಅರಣ್ಯಕಾಂಡದ 15ನೆಯ ಅಧ್ಯಾಯವು ವಿಧಿಸುತ್ತದೆ.

ಊರಬಾಗಿಲಿಗೆ ಹೋಗುವ ಈ ಕೆಲಸವನ್ನು ಸಂಬಳದ ಆಶೆಯಿಲ್ಲದೆ ನಡಿಸುವ ಸಂಘಗಳು ನಮ್ಮ ದೇಶದಲ್ಲಿವೆ. 1976ರಲ್ಲಿ ಜಯಪ್ರಕಾಶ ನಾರಾಯಣರು ಆರಂಭಿಸಿದ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಎಂಬದು ಅವುಗಳಲ್ಲಿ ಒಂದು. ಚಕ್ಮಾ ಎಂಬ ಜನರು ಅಣೆಕಟ್ಟಿನಲ್ಲಿ ಭೂಮಿ ಮುಳುಗಿ, ಪೂರ್ವ ಪಾಕಿಸ್ತಾನದಿಂದ ಅರುಣಾಚಲಕ್ಕೆ ಬಂದಿದ್ದರು. ಅವರನ್ನು ಓಡಿಸುವ ಬೆದರಿಕೆ ಹುಟ್ಟಿದಾಗ 1994ರಲ್ಲಿ ಈ ಸಂಘವು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ತಿಳಿಸಿತು. ಆಯೋಗವು ಸುಪ್ರೀಂ ಕೋರ್ಟಿಗೆ ಹೋಯಿತು. ಪೌರನಾಗಲಿ ಅಲ್ಲದವನಾಗಲಿ, ಪ್ರತಿಯೊಬ್ಬ ಮನುಷ್ಯನ ಪ್ರಾಣವನ್ನೂ ಸ್ವಾತಂತ್ರ್ಯವನ್ನೂ ಕಾಪಾಡುವದು ರಾಜ್ಯದ ಹೊಣೆಯೆಂದು 1996ರ ಜನವರಿಯಲ್ಲಿ ತೀರ್ಪಾಯಿತು. ಅವರ ಪೌರತ್ವದ ಅರ್ಜಿಗಳನ್ನು ಕೆಳಗಿನ ಕಚೇರಿಯಲ್ಲಿ ತಡೆದಿಡದೆ ಮೇಲಕ್ಕೆ ಕಳುಹಿಸಬೇಕೆಂತಲೂ ಅಪ್ಪಣೆಯಾಯಿತು. ಕಚೇರಿಯ ಕಪಾಟಿನಲ್ಲಿ ಅರ್ಜಿ ಮಲಗುವದನ್ನು ನಾವೂ ಕಂಡಿದ್ದೇವೆ.

ಇದು ದೂರದ ಬಂಗಾಳಿಗಳ ಮಾತು ಎನ್ನುವವರುಂಟು. ಲಿಂಗಸುಗೂರು, ಮಸ್ಕಿಗಳ ಒಣ ಭೂಮಿಯಿಂದ ಗುಳೆ ಹೋಗುವ ನಮ್ಮವರೇ ಬೆಂಗಳೂರಿನಲ್ಲಿ ಪರದೇಶಿಗಳು. 2020ರ ಜನವರಿಯಲ್ಲಿ ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ, ಇವರು ಬಾಂಗ್ಲಾದೇಶದವರೆಂಬ ಮಾತಿನ ಮೇಲೆ ಕೂಲಿಕಾರರ ಗುಡಿಸಲುಗಳನ್ನು ಕೆಡವಿದರು. ಅಲ್ಲಿದ್ದವರಲ್ಲಿ ಅಸ್ಸಾಮಿನವರೂ ತ್ರಿಪುರದವರೂ ಮಾತ್ರವಲ್ಲ, ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು. ಆಗಲೂ ಅದೇ ಸಂಘವು ಹೈಕೋರ್ಟಿಗೆ ಹೋಗಿ ತೆರವಿಗೆ ತಡೆ ತಂದಿತು. ಅರುಣಾಚಲದ ಚಕ್ಮಾನಿಗೋಸ್ಕರ ಬಾಗಿಲಿಗೆ ಹೋದವರೇ ನಮ್ಮ ಜನರಿಗೋಸ್ಕರವೂ ಹೋದರು.

ಇಂಥ ಸಂಘವನ್ನು ನಡಿಸುವವನು ಹೇಗಿರಬೇಕು? ಬೋವಜನನ್ನು ನೋಡಿರಿ. ಅವನು ಒಬ್ಬನೇ ತೀರಿಸಲಿಲ್ಲ, ಹತ್ತು ಮಂದಿಯನ್ನು ಕೂಡ್ರಿಸಿದನು. ಇತ್ರೋನನು ಮೋಶೆಗೆ ಹೇಳಿದ ಬುದ್ಧಿಯೂ ಅದೇ: ಲಂಚವನ್ನು ಹಗೆಮಾಡುವ, ದೇವರಿಗೆ ಭಯಪಡುವ ಜನರನ್ನು ಆರಿಸಿ ಭಾರವನ್ನು ಹಂಚು, ಇಲ್ಲವಾದರೆ ನೀನೂ ನವೆಯುವಿ, ಜನವೂ ನವೆಯುವದು. ವಕೀಲನೊಬ್ಬನಿದ್ದರೆ ಸಾಲದು. ಬಂಗಾಳಿಯಲ್ಲಿ ಬರೆದ ಹಳೇ ಕಾಗದವನ್ನು ಓದುವವನು ಬೇಕು. ಗುಡಿಸಲೊಳಗೆ ಹೋಗಿ ಹೆಂಗಸರ ಮಾತು ಕೇಳುವ ಸಹೋದರಿ ಬೇಕು. ಬಂದ ರೂಪಾಯಿಗೆ ಲೆಕ್ಕ ಬರೆಯುವವನು ಬೇಕು. ನಾಯಕನಾದವನು ಸಿಕ್ಕದ ತೀರ್ಪನ್ನು ಸಿಕ್ಕುವದೆಂದು ಹೇಳಿ ಬಡವರನ್ನು ಮರುಳುಮಾಡಬಾರದು. ಬೋವಜನೂ ರೂತಳಿಗೆ, ನನಗಿಂತ ಹತ್ತಿರದ ಬಂಧುವೊಬ್ಬನಿದ್ದಾನೆಂದು ಮೊದಲೇ ತಿಳಿಸಿದ್ದನು.

ಆ ಬಂಧುವಿನ ವಿಷಯ ಸ್ವಲ್ಪ ನಗು ಬರುವಂಥದು. ಹೊಲವೆಂದಾಗ ಕೊಳ್ಳುತ್ತೇನೆಂದನು, ಹೊಲದ ಸಂಗಡ ಮೋವಾಬ್ಯಳೂ ಬರುವಳೆಂದಾಗ, ತನ್ನ ಸ್ವಾಸ್ತ್ಯಕ್ಕೆ ನಷ್ಟವಾದೀತೆಂದು ಕೆರವನ್ನು ಬಿಚ್ಚಿಕೊಟ್ಟನು. ಸಂಘಗಳಿಗೆ ಹಣ ಕೊಡುವವರಲ್ಲಿ ಇಂಥವರು ಬಹಳ. ಅನ್ನದಾನವೆಂದರೆ ಮುಂದೆ ಬರುವರು. ಪರದೇಶಿಯ ಪಕ್ಷವಾಗಿ ಸರಕಾರದ ಮೇಲೆ ಅರ್ಜಿಯೆಂದರೆ ಕೆರವು ಹುಡುಕುವರು.

ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆಯಷ್ಟೆ. ಉತ್ತಮರು ಮಾತ್ರವಲ್ಲ, ಸಣ್ಣವರೂ ಮೇಲ್ಗತಿಯನ್ನು ಹೊಂದಬಹುದೆಂಬ ಅಭಿಪ್ರಾಯವು ಅದರಲ್ಲಿದೆ. ಆದರೂ 1915ರಲ್ಲಿ ಅದು ಕಣ್ಣಿಗೆ ಬಿದ್ದು ಓದಲ್ಪಡುವ ತನಕ, ಅದರ ಬದಿಯಲ್ಲಿ ಕುರಿ ಕಾಯುವವರಿಗೆ ಅದು ಗೀಚಿದ ಕಲ್ಲಾಗಿತ್ತು. ನಮ್ಮ ಕಾನೂನುಗಳೂ ಹಾಗೆಯೇ ಬಿದ್ದಿವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ 12ನೆಯ ಪ್ರಕರಣದ ಪ್ರಕಾರ ಹೆಂಗಸು, ಮಗು, ಪರಿಶಿಷ್ಟ ಜಾತಿ ಪಂಗಡದವರು, ಜೀತಕ್ಕೆ ಸಿಕ್ಕಿದವರು, ಅಂಗವಿಕಲರು, ಸೆರೆಯಲ್ಲಿರುವವರು ಇವರಿಗೆ ಆದಾಯವನ್ನು ಕೇಳದೆ ಧರ್ಮಾರ್ಥವಾಗಿ ವಕೀಲನನ್ನು ಕೊಡಬೇಕು. ಪೌರನೆಂಬ ಮಾತು ಅಲ್ಲಿಲ್ಲ, ವ್ಯಕ್ತಿ ಎಂದಿದೆ.

ಆದದರಿಂದ ಕ್ಯಾಂಪಿನವರಾಗಲಿ ಗುಳೆಯಿಂದ ಕೂಲಿ ಸಿಕ್ಕದೆ ಮರಳಿದವರಾಗಲಿ ನಿಮ್ಮ ಬಾಗಿಲಿಗೆ ಬಂದರೆ ಊಟಕ್ಕೆ ಕರೆಯಿರಿ. ಉಂಡ ಮೇಲೆ ಅವರ ಕಾಗದಗಳನ್ನು ಕೇಳಿ ತೆಗೆದುಕೊಂಡು, ಪ್ರತಿಗಳನ್ನು ಮಾಡಿಸಿ, ಕೋರ್ಟಿನಲ್ಲಿರುವ ತಾಲೂಕು ಕಾನೂನು ಸೇವೆಗಳ ಸಮಿತಿಗೆ ಸಂಗಡ ಹೋಗಿರಿ. ಬರೆಯಲು ಬಾರದವರು ಬಾಯಿಂದ ಹೇಳಿದರೂ ಬರಕೊಳ್ಳುತ್ತಾರೆ. ಫೋನು ಇರುವವರು 15100 ಎಂಬ ಸಂಖ್ಯೆಗೆ ಕರೆಮಾಡಬಹುದು. ಮೊದಲ ದಿನ ನಾಳೆ ಬನ್ನಿರಿ ಎಂದು ಹೇಳಿದರೆ ಮರುದಿನವೂ ಹೋಗಿ ಅವರ ಪಕ್ಕದಲ್ಲಿ ಕೂತುಕೊಳ್ಳಿರಿ.