ಇಂದಿನ ಧಮ್ಮ ಚಿಂತನೆ: ಆರು ದಿನದ ಗಾಲಿ



ಕಳೆದ ಭಾನುವಾರ ವಂದನೆ ಮುಗಿದ ಮೇಲೆ ಐ.ಡಿ.ಹಳ್ಳಿಯ ಉಪಾಸಕರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಮೇಷ್ಟ್ರೇ, ನಮ್ಮಪ್ಪ, ನಾನು ಕೈ ಸವೆಸಿದ್ದು ಸಾಕು ಅಂತ ಮಗಳನ್ನ ಓದಿಸ್ದೆ. ಇವಳು ನೋಡಿದ್ರೆ ಮೈಸೂರ್ಗೋಗಿ ಉಳಿ ಹಿಡ್ಕೊಂಡು ಮರ ಕೆತ್ತಾ ಕುಂತವಳೆ. ಇದಕ್ಕೆ ಡಿಗ್ರಿ ಬೇಕಿತ್ತಾ?"

ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ. ಮೈಸೂರಿನ ಕಾವಾದಲ್ಲಿ ಶಿಲ್ಪಕಲೆ ಓದುತ್ತಿದ್ದಾಳೆ. ಮರದ ಕೆಲಸ ಹಿಡಿಸಿ ಈಗ ಮಣೆ, ಸ್ಟೂಲು, ಕುರ್ಚಿಗಳ ವಿನ್ಯಾಸಕ್ಕೆ ಕೈ ಹಾಕಿದ್ದಾಳೆ.

ತಂದೆಯ ಪ್ರಶ್ನೆ ಹಗುರವಾದದ್ದಲ್ಲ. ಹಳ್ಳಿಯ ಆಯಗಾರರ ಪದ್ಧತಿಯಲ್ಲಿ ಬಡಗಿ, ಕಮ್ಮಾರ, ಅಗಸ, ತಳವಾರ, ತೋಟಿ ಎಲ್ಲರ ಕೆಲಸವೂ ಹುಟ್ಟಿದಾಗಲೇ ತೀರ್ಮಾನ. ಕಣದಲ್ಲಿ ಸಿಗುವ ಕಾಳಿನ ಪಾಲೂ ತೀರ್ಮಾನ. ಉಳಿ ನಮ್ಮ ಕೇರಿಗೆ ಬರಲಿಲ್ಲ, ಬಂದದ್ದು ಬೇರೆ. ಜಾತಿ ಹಂಚುವುದು ಬರೀ ಕೆಲಸವನ್ನಲ್ಲ, ಕೆಲಸ ಮಾಡುವವರನ್ನೇ ಮೇಲೆ ಕೆಳಗೆ ಎಂದು ಹಂಚುತ್ತದೆ ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ತೋರಿಸಿಕೊಟ್ಟರು. ಅದರಿಂದ ಬಿಡಿಸಿಕೊಂಡವರಿಗೆ ಕೈಕೆಲಸ ಎಂದರೆ ಹೆದರಿಕೆ ಸಹಜ. ಸರ್ಕಾರಿ ಸಂಬಳ ತೆಗೆದುಕೊಳ್ಳುವ ನನ್ನಂಥವನಿಗೆ ಉಪದೇಶ ಸುಲಭ, ಅದೂ ಗೊತ್ತು.

ಆದರೆ ಈ ಹುಡುಗಿಗೆ ಉಳಿ ಹುಟ್ಟಿನಿಂದ ಸಿಗಲಿಲ್ಲ. ಅರ್ಜಿ ಹಾಕಿ, ಅಂಕಪಟ್ಟಿ ಕೊಟ್ಟು ಪಡೆದಳು. ಕಾವಾದ ಬೇರು ಇರುವುದು ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ. ಅದರ ಕಟ್ಟಡಕ್ಕೆ 1906ರಲ್ಲಿ ಅಡಿಗಲ್ಲು ಇಟ್ಟವರು ವೇಲ್ಸ್ ರಾಜಕುಮಾರ. ಇಂದು ಅಂಥ ಕಡೆ ನಮ್ಮ ಕೇರಿಯ ಮಗಳು ನಿಂತು ಹಲಗೆ ಉಜ್ಜುತ್ತಾಳೆ.

ಫೋನಿನಲ್ಲಿ ಹೇಳಿದಳು: "ಸಾರ್, ಮೊದಲ ಕೆಲವು ವಾರ ಒಂದು ತುಂಡು ಮರವನ್ನ ಸಮ ಮಾಡೋದೇ ಆಯ್ತು." ಎಳೆಗೆ ಎದುರಾಗಿ ಉಜ್ಜಿದರೆ ಮರ ಸಿಬಿರೇಳುತ್ತದೆ. ಹಸಿ ಮರದಲ್ಲಿ ಜೋಡಿಸಿದ್ದು ಬೇಸಿಗೆಯಲ್ಲಿ ಒಣಗಿ ಸಂದು ಬಿಡುತ್ತದೆ. ಅವಳು ಮಾಡಿದ ಮೊದಲ ಸ್ಟೂಲು ನಾಲ್ಕು ಕಾಲೂರಿ ನಿಲ್ಲದೆ ಕುಂಟಿತಂತೆ. ಕಾಲಡಿಗೆ ರಟ್ಟು ಮಡಿಸಿಡು ಎಂದರಂತೆ ಗೆಳತಿಯರು. ಇವಳು ಪೂರ್ತಿ ಬಿಚ್ಚಿದಳು.

ನನಗೆ ಅಂಗುತ್ತರ ನಿಕಾಯದ ರಥಕಾರ ಸುತ್ತ ನೆನಪಾಯಿತು. ಪಚೇತನ ಎಂಬ ರಾಜ. ಆರು ತಿಂಗಳಿಗೆ ಯುದ್ಧ, ಒಂದು ಜೊತೆ ಗಾಲಿ ಬೇಕು. ರಥ ಮಾಡುವವನು ಒಂದು ಗಾಲಿಗೆ ಆರು ದಿನ ಕಡಿಮೆ ಆರು ತಿಂಗಳು ತೆಗೆದುಕೊಂಡ, ಇನ್ನೊಂದನ್ನು ಉಳಿದ ಆರೇ ದಿನದಲ್ಲಿ ಮುಗಿಸಿದ. ರಾಜನ ಕಣ್ಣಿಗೆ ಎರಡೂ ಒಂದೇ. ಉರುಳಿಸಿದಾಗ ಆರು ದಿನದ್ದು ತಳ್ಳಿದಷ್ಟು ದೂರ ಹೋಗಿ, ಸುತ್ತಿ ಬಿತ್ತು. ಇನ್ನೊಂದು ಅಚ್ಚಿಗೆ ಸಿಕ್ಕಿಸಿದಂತೆ ನಿಂತೇ ಇತ್ತು. ಬಿದ್ದದ್ದರ ಅರ, ಗುಂಬ, ಪಟ್ಟಿ ಮೂರರಲ್ಲೂ ಡೊಂಕು ಉಳಿದಿತ್ತು. ಕಾಯ, ಮಾತು, ಮನಸ್ಸುಗಳ ಡೊಂಕೂ ಹಾಗೆಯೇ ಎಂದು ಬುದ್ಧರು ಭಿಕ್ಖುಗಳಿಗೆ ವಿವರಿಸುತ್ತಾರೆ. (ಆ ರಥಕಾರ ತಾನೇ ಆಗಿದ್ದೆ ಎಂಬ ಮಾತೂ ಅಲ್ಲಿದೆ. ಪೂರ್ವಜನ್ಮದ ಚರ್ಚೆ ಬೇಡ, ಕಥೆಯನ್ನು ಕಥೆಯಾಗಿ ತೆಗೆದುಕೊಳ್ಳೋಣ. ಆದರೆ ಬುದ್ಧರು ತಮ್ಮನ್ನು ಕೈಕೆಲಸದವನ ಜಾಗದಲ್ಲಿ ಇಟ್ಟು ನೋಡಿದರು ಎಂಬುದನ್ನು ಬಿಡುವುದು ಬೇಡ.)

ಪೀಲು ಹೊಡೆದು, ಗಿಲೀಟು ಮಾಡಿ ಡೊಂಕು ಮುಚ್ಚಬಹುದು. ತೂಕ ಬಿದ್ದ ದಿನ ಅದು ಹೊರಬರುತ್ತದೆ. ರಟ್ಟು ಇಡದೆ ಬಿಚ್ಚಿದ ಹುಡುಗಿ ಅಭ್ಯಾಸ ಮಾಡಿದ್ದು ಬರೀ ಬಡಗಿತನವೇ?

ಇನ್ನೊಂದು ಮಾತು. ಬಾಲಕ ಭೀಮರಾವ್ ಶಾಲೆಯಲ್ಲಿ ಕೂತದ್ದು ಮನೆಯಿಂದ ತಂದ ಗೋಣಿತಟ್ಟಿನ ಮೇಲೆ. ಶಾಲೆಯ ಆಳು ಅದನ್ನು ಮುಟ್ಟುತ್ತಿರಲಿಲ್ಲ. ಸಂಜೆ ಹೊತ್ತು ಒಯ್ದು ಬೆಳಿಗ್ಗೆ ತರಬೇಕಿತ್ತು. ಯಾರು ಯಾವುದರ ಮೇಲೆ ಕೂರಬೇಕು ಎಂಬುದು ನಮಗೆ ಎಂದೂ ಸಣ್ಣ ವಿಷಯವಾಗಿರಲಿಲ್ಲ.

ಹುಡುಗಿ ಮೊನ್ನೆ ರಜೆಗೆ ಬಂದಳು, ಬಿಚ್ಚಿ ಮತ್ತೆ ಕಟ್ಟಿದ ಸ್ಟೂಲಿನ ಜೊತೆ. ನಾನೂ ಹೋಗಿದ್ದೆ. ಅವಳ ಅಜ್ಜಿ ಹೊರಗಿನವರು ಬಂದರೆ ತಾನಾಗಿ ನೆಲಕ್ಕಿಳಿಯುವವರು. ಮೈಗೆ ಹತ್ತಿದ ರೂಢಿ. ನನ್ನನ್ನು ಕಂಡು ಇಳಿಯಹೋದರು. "ಕೂತ್ಕೋ ಅಜ್ಜಿ, ನಿನ್ನ ಅಳತೆಗೇ ಮಾಡಿದ್ದು" ಎಂದಳು. ಅಜ್ಜಿ ಸೀರೆ ಸರಿಮಾಡಿಕೊಂಡು ಕೂತರು. ಅಪ್ಪ ಏನೂ ಅನ್ನದೆ ಬಗ್ಗಿ ಒಂದು ಕಾಲು ಹಿಡಿದು ಅಲ್ಲಾಡಿಸಿದರು. ಇನ್ನೊಂದನ್ನೂ.

"ಅಲ್ಲಾಡ್ತಿಲ್ಲ ಮೇಷ್ಟ್ರೇ" ಎಂದರು.