ನಿಲ್ಲಿಸುವ ತಪ್ಪು, ನಿಲ್ಲಿಸದ ತಪ್ಪು

“ಅಕ್ಕ, ನಿಮ್ಮ ಕೋಡ್ ರನ್ನೇ ಆಗುವುದಿಲ್ಲ. ಎಂತ ಮಾಡುವುದು?”

ಕಳೆದ ಮಳೆಗಾಲದಲ್ಲಿ ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟಳು. 2019ರಲ್ಲಿ ಎಂ.ಎಸ್ಸಿ. ಪ್ರಾಜೆಕ್ಟಿಗೆಂದು ನಾನು ಬರೆದ ಪೈಥಾನ್ ಪ್ರೋಗ್ರಾಂ ಅದು. ಅಡಿಕೆಯ ಫೋಟೋ ಕೊಟ್ಟರೆ ಕೊಳೆರೋಗ ತಗಲಿದೆಯೇ ಇಲ್ಲವೇ ಎಂದು ಹೇಳುವುದು ಅದರ ಕೆಲಸ. ಅದರ ಫಲಿತಾಂಶದ ಕೋಷ್ಟಕ ಈಗ ನನ್ನ ಪಿಎಚ್.ಡಿ. ಪ್ರಬಂಧದ ಎರಡನೇ ಅಧ್ಯಾಯದಲ್ಲಿದೆ. ಅವಳ ಕಂಪ್ಯೂಟರಿನಲ್ಲಿ ಮಾತ್ರ ಪ್ರೋಗ್ರಾಂ ಮೊದಲ ಕೆಲವು ಸಾಲುಗಳಲ್ಲೇ ನಿಂತುಬಿಟ್ಟಿತ್ತು. ಕೆಂಪಕ್ಷರದಲ್ಲಿ ಒಂದು ಸಂದೇಶ: ಇಂಪೋರ್ಟ್ ಎರರ್.

ಪ್ರೋಗ್ರಾಂ ಬರೆಯುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಬೇರೆಯವರು ಬರೆದಿಟ್ಟ ಲೈಬ್ರರಿಯಿಂದ ಬೇಕಾದ್ದನ್ನು ಹೆಸರು ಹಿಡಿದು ಕರೆಯುತ್ತಾರೆ. ಅದೇ ಇಂಪೋರ್ಟ್. ನಾನು ಕರೆದದ್ದು ಸೈಕಿಟ್-ಲರ್ನ್ ಎಂಬ ಲೈಬ್ರರಿಯ ‘ಎಕ್ಸ್‌ಟರ್ನಲ್ಸ್’ ಎಂಬ ಭಾಗದಲ್ಲಿದ್ದ ಜಾಬ್‌ಲಿಬ್ ಅನ್ನು. 2020ರಲ್ಲಿ ಬಂದ 0.23ನೇ ಆವೃತ್ತಿಯಿಂದ ಅದನ್ನು ಅಲ್ಲಿಂದ ತೆಗೆದಿದ್ದಾರೆ. ಜಾಬ್‌ಲಿಬ್ ಸ್ವತಂತ್ರ ಲೈಬ್ರರಿ. ಅದನ್ನು ಪ್ರತ್ಯೇಕವಾಗಿ ಇನ್‌ಸ್ಟಾಲ್ ಮಾಡಿ ನೇರವಾಗಿ ಕರೆದರಾಯಿತು. ಒಂದು ಸಾಲು ತಿದ್ದಿದೆ, ಪ್ರೋಗ್ರಾಂ ಓಡಿತು.

ಓಡಿತು ನಿಜ, ಆದರೆ ನಿಖರತೆಯ ಅಂಕಿ ನನ್ನ ಕೋಷ್ಟಕದ್ದಾಗಿರಲಿಲ್ಲ. ತುಸು ಹೆಚ್ಚೇ ಬಂದಿತ್ತು.

“ಒಳ್ಳೆಯದೇ ಆಯಿತಲ್ಲ ಅಕ್ಕ?” ಎಂದಳು.

ನನಗೂ ಕ್ಷಣಕಾಲ ಹಾಗೇ ಅನ್ನಿಸಿತು. ಹುಡುಕುತ್ತಾ ಹೋದಾಗ ಕಾರಣ ಸಿಕ್ಕಿತು. ನಾನು ಬಳಸಿದ ವಿಧಾನದ ಹೆಸರು ರ್‍ಯಾಂಡಮ್ ಫಾರೆಸ್ಟ್. ಅದರಲ್ಲಿ ಹಲವು ‘ಮರಗಳು’ ತಮ್ಮ ತಮ್ಮ ತೀರ್ಮಾನ ಹೇಳುತ್ತವೆ, ಎಲ್ಲವನ್ನೂ ಒಟ್ಟುಗೂಡಿಸಿ ಉತ್ತರ ತೆಗೆಯುತ್ತಾರೆ. ಎಷ್ಟು ಮರ ಎಂದು ನಾವು ಹೇಳದಿದ್ದರೆ ಲೈಬ್ರರಿಯೇ ಒಂದು ಸಂಖ್ಯೆ ಹಾಕಿಕೊಳ್ಳುತ್ತದೆ. ಹಳೆಯ ಆವೃತ್ತಿಗಳಲ್ಲಿ ಅದು 10. 2019ರ ಡಿಸೆಂಬರಿನಲ್ಲಿ ಬಂದ 0.22ರಿಂದ 100. ನಾನು ಸಂಖ್ಯೆ ಹೇಳಿರಲೇ ಇಲ್ಲ. ಪ್ರಬಂಧದಲ್ಲೂ ಬರೆದಿರಲಿಲ್ಲ. ನಾನು ಆರಿಸದೇ ಇದ್ದದ್ದನ್ನು ಬರೆಯುವುದಾದರೂ ಹೇಗೆ?

ಎರಡೂ ಒಂದೇ ಲೈಬ್ರರಿಯಲ್ಲಿ ಆದ ಬದಲಾವಣೆಗಳು. ಒಂದು ನನ್ನನ್ನು ಬಾಗಿಲಲ್ಲೇ ತಡೆದು, ನೀನು ಕೇಳಿದ್ದು ಇಲ್ಲಿಲ್ಲ ಎಂದಿತು. ಇನ್ನೊಂದು ಏನೂ ಹೇಳದೆ ಒಳಗೆ ಬಿಟ್ಟು ಬೇರೆ ಉತ್ತರ ಕೊಟ್ಟಿತು. ನಾವು ಬೈಯುವುದು ಮೊದಲನೆಯದಕ್ಕೆ. ಹೆದರಬೇಕಾದದ್ದು ಎರಡನೆಯದಕ್ಕೆ.

ಹಾಗಾದರೆ ತಪ್ಪು ಯಾರದು? ಇನ್ನೊಬ್ಬರು ನೆಚ್ಚಿಕೊಂಡಿರುವುದನ್ನು ಬದಲಾಯಿಸುವ ಹಕ್ಕು ಅದನ್ನು ಮಾಡಿದವರಿಗಿದೆಯೇ?

ನಮ್ಮ ಊರಿನವರಿಗೆ ಹಳೆಯ ಹೆಸರನ್ನು ಬಿಡದೆ ಹೊಸದನ್ನು ಒಪ್ಪುವುದು ಗೊತ್ತು. 2014ರ ನವೆಂಬರ್ 1ರಂದು ಇಂಗ್ಲಿಷಿನ ‘ಮ್ಯಾಂಗಲೋರ್’ ಅಧಿಕೃತವಾಗಿ ‘ಮಂಗಳೂರು’ ಆಯಿತು. ತುಳುವಿನವರಿಗೆ ಅದು ಕುಡ್ಲ, ಕೊಂಕಣಿಯವರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ. ಯಾವ ಹೆಸರಿನಲ್ಲಿ ಕರೆದರೂ ಊರು ಓಗೊಡುತ್ತದೆ. ಲೈಬ್ರರಿಗಳೂ ಹೀಗೇ ಹಳೆಯ ಹೆಸರುಗಳನ್ನೆಲ್ಲ ಇಟ್ಟುಕೊಳ್ಳಬಾರದೇ ಎಂದು ಯಾರಾದರೂ ಕೇಳಬಹುದು.

ಇಟ್ಟುಕೊಂಡರೆ ಏನಾಗಬಹುದು ಎನ್ನುವುದಕ್ಕೂ ಇಲ್ಲೇ ಉದಾಹರಣೆಯಿದೆ. ಪಡೀಲ್ ಕಡೆಯ ಮಂಗಳೂರು ಜಂಕ್ಷನ್ ನಿಲ್ದಾಣಕ್ಕೆ ಮೊದಲು ಕಂಕನಾಡಿ ನಿಲ್ದಾಣ ಎಂಬ ಹೆಸರಿತ್ತು. ಆದರೆ ಕಂಕನಾಡಿ ಎಂಬ ಪೇಟೆ ಅಲ್ಲಿಂದ ದೂರ, ಫಾದರ್ ಮುಲ್ಲರ್ ಆಸ್ಪತ್ರೆಯ ಬಳಿ ಇದೆ. ಹಳೆಯ ಟಿಕೆಟಿನ ನೆನಪಿನಲ್ಲಿ ಊರಿಗೆ ಹೊಸಬರು ಆಟೋ ಹತ್ತಿ ಬರೀ “ಕಂಕನಾಡಿ” ಎಂದರೆ ಆಟೋದವರು ಮರುಮಾತಾಡದೆ ಪೇಟೆಗೆ ಕರೆದುಕೊಂಡು ಹೋಗಿ ಇಳಿಸಿಯಾರು. ಅವರದ್ದೇನೂ ತಪ್ಪಿಲ್ಲ. ಹೊಸಬರಿಗೆ ರೈಲು ಮಾತ್ರ ತಪ್ಪುತ್ತದೆ. “ಸ್ಟೇಷನ್ನಾ, ಪೇಟೆಯಾ?” ಎಂದು ತಡೆದು ಕೇಳುವವರು ಅಲ್ಲಿ ಉಪಕಾರಿಗಳು. ಇಂಪೋರ್ಟ್ ಎರರ್ ಹಾಗೆ ತಡೆದು ಕೇಳುವ ಮನುಷ್ಯ.

ಇನ್ನು ಬದಲಾಯಿಸಿದವರ ವಿಷಯ. ಸೈಕಿಟ್-ಲರ್ನ್ ಉಚಿತ ಲೈಬ್ರರಿ. ಅದಕ್ಕೆ ಕೋಡ್ ಬರೆಯುವವರಲ್ಲಿ ಅನೇಕರು ಸ್ವಯಂಸೇವಕರು. ಹತ್ತು ಮರ ಕಡಿಮೆ ಎಂದು ಅವರಿಗೆ ಅನ್ನಿಸಿದ್ದರೆ ಸರಿಪಡಿಸದೇ ಇರುವುದು ಹೊಸಬರಿಗೆ ಮಾಡುವ ಅನ್ಯಾಯ. ಬದಲಾಯಿಸುವವರ ಮೇಲಿರುವ ಋಣ ಒಂದೇ: ಮೊದಲೇ ಹೇಳುವುದು. ಅವರು ಹೇಳಿದ್ದರು. ನಾನು 2019ರಲ್ಲಿ ಬಳಸಿದ 0.21ನೇ ಆವೃತ್ತಿ ಈ ಎರಡೂ ಬದಲಾವಣೆಗಳ ಬಗ್ಗೆ, ಯಾವ ಆವೃತ್ತಿಯಲ್ಲಿ ಏನಾಗಲಿದೆ ಎಂದು ಸಂಖ್ಯೆಸಮೇತ ಎಚ್ಚರಿಕೆ ಕೊಡುತ್ತಿತ್ತು.

ನಾನೇಕೆ ನೋಡಲಿಲ್ಲ? ಹುಡುಗಿ ತಂದ ಫೈಲಿನ ಮೊದಲ ಸಾಲಿನಲ್ಲೇ ಉತ್ತರವಿತ್ತು. ಎಲ್ಲ ಎಚ್ಚರಿಕೆಗಳನ್ನೂ ತೋರಿಸದಿರು ಎಂಬ ಆಜ್ಞೆ, ನನ್ನದೇ ಕೈಬರಹ. ವೈವಾದ ದಿನ ಪರದೆಯ ಮೇಲೆ ಕೆಂಪಕ್ಷರ ಕಂಡರೆ ಪರೀಕ್ಷಕರು ಏನಂದುಕೊಳ್ಳುತ್ತಾರೋ ಎಂಬ ಭಯಕ್ಕೆ ಹಾಕಿದ ಸಾಲು ಅದು.

ಪರಾವಲಂಬನೆ ನಾಚಿಕೆಯ ವಿಷಯವಲ್ಲ. ಇನ್ನೊಬ್ಬರ ಹೆಗಲ ಮೇಲೆ ನಿಲ್ಲದ ಸಂಶೋಧನೆಯೇ ಇಲ್ಲ. ಯಾರ ಹೆಗಲು, ಯಾವ ಹೊತ್ತಿನದು ಎಂದು ಹೇಳದಿರುವುದು ತಪ್ಪು. ನನ್ನ ಕೋಷ್ಟಕ ಓದುವವರಿಗೆ ನಾನು ಸದ್ದಿಲ್ಲದೆ ಕೊಟ್ಟ ಮಾತೊಂದಿದೆ: ನೀವು ಮಾಡಿದರೂ ಇದೇ ಬರುತ್ತದೆ. ಆವೃತ್ತಿ ಬರೆದಿಡದೆ, ಮರಗಳ ಸಂಖ್ಯೆ ಬರೆಯದೆ, ಆ ಮಾತನ್ನು ನಾನು 2019ರಲ್ಲೇ ಮುರಿದಿದ್ದೆ. ಹೊಸ ಅಂಕಿ ಹಳೆಯದಕ್ಕಿಂತ ಚೆನ್ನಾಗಿದೆ ಎನ್ನುವುದು ಅದಕ್ಕೆ ಸಮಾಧಾನವಲ್ಲ. ಕಡಿಮೆ ಬಂದಿದ್ದರೆ ಕಾರಣ ಹುಡುಕುತ್ತಿದ್ದೆ, ಹೆಚ್ಚು ಬಂದಾಗ ಸುಮ್ಮನಿರಲು ಹೊರಟಿದ್ದೆ ಎಂಬುದೇ ನನ್ನನ್ನು ಹೆಚ್ಚು ಕಾಡಿದ್ದು.

ಆ ಸಂಜೆ ಇಬ್ಬರೂ ಕೂತು ಬೇರೆಯದೇ ಎನ್ವಿರಾನ್ಮೆಂಟಿನಲ್ಲಿ ಪೈಥಾನ್ 3.7 ಮತ್ತು ಹಳೆಯ ಆವೃತ್ತಿ ಹಾಕಿ ಓಡಿಸಿದೆವು. ಕೋಷ್ಟಕದ ಅಂಕಿ ಮತ್ತೆ ಬಂತು. ಮರುದಿನ ಗೈಡ್ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. “ಎರಡೂ ಅಂಕಿ ಹಾಕಿ, ಯಾಕೆಂದು ಬರೆಯಿರಿ” ಎಂದರು. ಕೋಷ್ಟಕಕ್ಕೆ ಈಗ ಒಂದು ಸಾಲು ಹೆಚ್ಚಾಗಿದೆ, ಕೆಳಗೆ ಆವೃತ್ತಿಗಳ ಪಟ್ಟಿ ಇದೆ. ಎಚ್ಚರಿಕೆ ಮುಚ್ಚುವ ಸಾಲನ್ನು ಅಳಿಸಿದ್ದು ಆ ಹುಡುಗಿ. ಪ್ರೋಗ್ರಾಂ ಓಡಿಸಿದರೆ ಈಗ ಪರದೆ ತುಂಬ ಕೆಂಪಕ್ಷರ ಬರುತ್ತದೆ. ಒಂದೊಂದಾಗಿ ಓದುತ್ತಿದ್ದೇವೆ.